ಮನೆ ಜಪ್ತಿ ನೋಟಿಸ್ ಬಂದರೆ: ಲಕೋಟೆ ಒಡೆದ ದಿನದಿಂದ ಏನೇನು ಮಾಡಬೇಕು

ನಮ್ಮ ಚಿಕ್ಕಪ್ಪ ಬ್ಯಾಂಕಿನಿಂದ ಬಂದ ಲಕೋಟೆಯನ್ನು ದೇವರ ಕೋಣೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಇಟ್ಟಿದ್ದರು. ಒಡೆದಿರಲಿಲ್ಲ. ಚಿಕ್ಕಮ್ಮನಿಗೂ ಹೇಳಿರಲಿಲ್ಲ. ಹಬ್ಬಕ್ಕೆ ಹೋದಾಗ ಕ್ಯಾಲೆಂಡರ್ ತಿರುವಲು ಹೋಗಿ ಅದು ನನ್ನ ಕೈಗೆ ಸಿಕ್ಕಿತು. "ದುಡ್ಡು ಹೊಂದಿಸಿಕೊಂಡು ಆಮೇಲೆ ಒಡೆಯೋಣ ಅಂತಿದ್ದೆ ಕಣಪ್ಪ" ಎಂದರು. ಒಡೆದು ನೋಡಿದೆ. 60 ದಿನದ ಗಡುವಿನಲ್ಲಿ 41 ದಿನ ಆಗಲೇ ಕಳೆದಿತ್ತು.

ಅವರ ಶಾಮಿಯಾನ ವ್ಯಾಪಾರ ನೆಲಕಚ್ಚಿತ್ತು. ಅದಕ್ಕಾಗಿ ಮನೆ ಅಡ ಇಟ್ಟು ತೆಗೆದ ಸಾಲದ ಕಂತು ಕಟ್ಟುವುದು ನಿಂತುಹೋಗಿತ್ತು. ಆ 19 ದಿನದಲ್ಲಿ ನಾವು ಓಡಾಡಿ ಕಲಿತದ್ದು, ಆಮೇಲೆ ಬೇರೆ ಬೇರೆ ಮನೆಯವರ ಜೊತೆ ವಕೀಲರ ಬಳಿ ಕೂತು ತಿಳಿದದ್ದು, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಈ ವ್ಯವಹಾರದಲ್ಲಿ ಪ್ರತಿ ಕಾಗದಕ್ಕೂ ಒಂದು ಲೆಕ್ಕದ ದಿನ ಇದೆ. ಲಕೋಟೆ ಒಡೆಯದಿದ್ದರೂ ಆ ದಿನಗಳು ಓಡುತ್ತಲೇ ಇರುತ್ತವೆ.

ಮೊದಲು: ಸಾಲ ಕೊಟ್ಟವರು ಯಾರು?

ಕೋರ್ಟಿಗೆ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕುವ ಅಧಿಕಾರ ಕೊಡುವುದು 2002ರ ಸರ್ಫೇಸಿ ಕಾಯ್ದೆ. ಬ್ಯಾಂಕುಗಳಿಗೆ ಮತ್ತು ಗೃಹಸಾಲ ಕೊಡುವ ಹಣಕಾಸು ಕಂಪನಿಗಳಿಗೆ ಈ ಅಧಿಕಾರ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಬ್ಯಾಂಕೇತರ ಹಣಕಾಸು ಕಂಪನಿಯಾದರೆ ಅದರ ಆಸ್ತಿ ಕನಿಷ್ಠ 100 ಕೋಟಿ ರೂಪಾಯಿ ಇರಬೇಕು, ನಿಮ್ಮ ಸಾಲ 20 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು.

ಊರಿನ ಬಡ್ಡಿ ವ್ಯಾಪಾರಿಗೆ, ಚೀಟಿ ನಡೆಸುವವರಿಗೆ, ಕೈಸಾಲ ಕೊಟ್ಟವರಿಗೆ ಈ ಅಧಿಕಾರ ಇಲ್ಲ. ಅವರು ಸಿವಿಲ್ ಕೋರ್ಟಿಗೇ ಹೋಗಬೇಕು. ಬಾಗಿಲಿಗೆ ಬಂದು "ಬೀಗ ಹಾಕ್ತೀವಿ" ಎಂದು ಅವರು ಹೆದರಿಸಿದರೆ ಪೊಲೀಸರಿಗೆ ದೂರು ಕೊಡಿ.

ಇನ್ನು ಕೆಲವು ಆಸ್ತಿ, ಕೆಲವು ಸಾಲ ಈ ಕಾಯ್ದೆಯಿಂದ ಹೊರಗಿವೆ. ಬಾಕಿ 1 ಲಕ್ಷ ಮೀರದಿದ್ದರೆ ಇದು ಅನ್ವಯಿಸುವುದಿಲ್ಲ. ಅಸಲು ಬಡ್ಡಿ ಎರಡೂ ಸೇರಿದ ಮೊತ್ತದಲ್ಲಿ ಶೇ 20ಕ್ಕಿಂತ ಕಡಿಮೆ ಮಾತ್ರ ಉಳಿದಿದ್ದರೂ ಅಷ್ಟೇ. ಕೃಷಿ ಜಮೀನಿಗೂ ವಿನಾಯಿತಿ ಇದೆ. ಆದರೆ ಪಹಣಿಯಲ್ಲಿ ಕೃಷಿ ಜಮೀನು ಎಂದಿದ್ದರೆ ಸಾಕು ಎಂದುಕೊಳ್ಳಬೇಡಿ. ಅಲ್ಲಿ ನಿಜವಾಗಿ ಬೇಸಾಯ ನಡೆಯುತ್ತಿದೆ ಎಂದು ತೋರಿಸುವ ಹೊಣೆ ಸಾಲಗಾರನದೇ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಭೂ ಪರಿವರ್ತನೆ ಆಗಿ ಲೇಔಟ್ ಆಗಿದ್ದರೆ ವಿನಾಯಿತಿ ಸಿಗುವುದಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ತಮ್ಮ ತೋಟಗಳನ್ನು ಈ ಕಾಯ್ದೆಯಡಿ ಹರಾಜು ಹಾಕಬಾರದು ಎಂದು ಹೋರಾಡುತ್ತಾ ಬಂದಿದ್ದಾರೆ. ತೋಟ ಅಡ ಇಟ್ಟವರು ಈ ವಿಷಯ ತಿಳಿದ ವಕೀಲರನ್ನೇ ಹುಡುಕಿ.

ಕಂತು ತಪ್ಪಿದ ಮೊದಲ 90 ದಿನ

ಎಲ್ಲಕ್ಕಿಂತ ಬೆಲೆಬಾಳುವ ದಿನಗಳು ಇವು. ಹೆಚ್ಚಿನವರು ಇವನ್ನೇ ಸುಮ್ನೆ ಕಳೆದುಬಿಡುತ್ತಾರೆ. ಬಾಕಿ 90 ದಿನ ದಾಟಿದರೆ ಸಾಲ 'ಎನ್‌ಪಿಎ' ಆಗುತ್ತದೆ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಅದಕ್ಕೆ ಮೊದಲು ಒಂದು ಕಂತು ಕಟ್ಟಿದರೂ ದಿನದ ಲೆಕ್ಕ ಹಿಂದೆ ಸರಿಯುತ್ತದೆ. ಎನ್‌ಪಿಎ ಆದ ಮೇಲೆ ಹಾಗಲ್ಲ. ಬಾಕಿ ಇರುವ ಅಷ್ಟೂ ಕಂತು, ಅಷ್ಟೂ ಬಡ್ಡಿ ತೀರಿಸಿದರೆ ಮಾತ್ರ ಖಾತೆ ಮತ್ತೆ ಸರಿಯಾಗುತ್ತದೆ. ಚಿಕ್ಕಪ್ಪ ನಾಲ್ಕನೇ ತಿಂಗಳಲ್ಲಿ ಚಿಕ್ಕಮ್ಮನ ಬಳೆ ಮಾರಿ ಎರಡು ಕಂತು ಕಟ್ಟಿದ್ದರು. ಅದೇ ದುಡ್ಡನ್ನು ಒಂದು ತಿಂಗಳು ಮೊದಲೇ ಕಟ್ಟಿದ್ದರೆ ನೋಟಿಸೇ ಬರುತ್ತಿರಲಿಲ್ಲ.

ಹಾಗಾಗಿ ಮೊದಲ ಕಂತು ತಪ್ಪುವ ಸೂಚನೆ ಕಂಡ ಕೂಡಲೇ ಶಾಖೆಗೆ ಹೋಗಿ. ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಲು ಕೇಳಿ. ಬಾಯಲ್ಲಿ ಕೇಳಿದರೆ ಸಾಲದು, ಅರ್ಜಿ ಬರೆದು ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸಾಲ ಪಡೆದವರು ತೀರಿಕೊಂಡಿದ್ದರೆ ಸಾಲದ ಜೊತೆ ವಿಮೆ ಮಾಡಿಸಿದ್ದರೇ ಎಂದು ಮೊದಲು ನೋಡಿ. ಎಷ್ಟೋ ಸಲ ಸಾಲ ಕೊಡುವಾಗ ಕಂಪನಿಯವರೇ ವಿಮೆ ಸೇರಿಸಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಅಕ್ಕಪಕ್ಕದವರಿಗೆ ಹೇಳಿ ಮರ್ಯಾದೆ ತೆಗೆಯುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಮೀರಿದರೆ ಕರೆಯ ದಿನಾಂಕ, ಸಮಯ ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ ದೂರು ಹಾಕಬಹುದು. ಖರ್ಚಿಲ್ಲ, ವಕೀಲರೂ ಬೇಕಿಲ್ಲ.

60 ದಿನದ ನೋಟಿಸ್: ಓದುವ ಬಗೆ, ಉತ್ತರಿಸುವ ಬಗೆ

ಇದನ್ನು ಬ್ಯಾಂಕಿನವರು, ವಕೀಲರು 'ಹದಿಮೂರು ಎರಡರ ನೋಟಿಸ್' ಎನ್ನುತ್ತಾರೆ. ಕಾಯ್ದೆಯ 13(2)ನೇ ಸೆಕ್ಷನ್ ಅಡಿ ಬರುವುದರಿಂದ ಆ ಹೆಸರು. 60 ದಿನದಲ್ಲಿ ಪೂರ್ತಿ ಸಾಲ ತೀರಿಸಿ ಎಂದು ಇದರಲ್ಲಿ ಇರುತ್ತದೆ. ಬಾಕಿ ಕಂತುಗಳಲ್ಲ, ಪೂರ್ತಿ ಸಾಲ. ಅದನ್ನು ಓದಿಯೇ ಎಷ್ಟೋ ಜನ ಕುಸಿದುಹೋಗುತ್ತಾರೆ. ಆದರೆ ಈ ಹಂತದಲ್ಲಿ ಮನೆ ನಿಮ್ಮ ಕೈಯಲ್ಲೇ ಇದೆ, ಮಾಡಬೇಕಾದ ಕೆಲಸವೂ ಬಹಳ ಇದೆ.

ಪೋಸ್ಟ್‌ಮ್ಯಾನ್ ತಂದಾಗ ಬೇಡ ಎಂದು ವಾಪಸ್ ಕಳಿಸಬೇಡಿ. ತಪ್ಪಿಸಿಕೊಂಡರೆ ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಹಾಕಿ ತಲುಪಿಸಲು ಅವರಿಗೆ ದಾರಿ ಇದೆ. ದಿನ ಕಳೆದುಕೊಳ್ಳುವವರು ನೀವೇ.

ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ದಿನಾಂಕ ಬೇಕಾಗುತ್ತದೆ. ನೋಟಿಸ್ ತಲುಪಿದ ದಿನವನ್ನು ಮೇಲೆ ಪೆನ್ನಿನಲ್ಲಿ ಬರೆಯಿರಿ. ಆಮೇಲೆ ನಿಧಾನವಾಗಿ ಒಂದೊಂದೇ ನೋಡಿ. ಎನ್‌ಪಿಎ ಆದ ದಿನಾಂಕ ಸರಿಯೇ? ಅದಕ್ಕೆ ಮೊದಲು ನೀವು ಕಟ್ಟಿದ ಕಂತನ್ನು ಜಮೆ ಮಾಡಿದ್ದಾರೆಯೇ? ಆಸ್ತಿಯ ವಿವರ, ಸರ್ವೆ ನಂಬರ್, ಖಾತಾ ನಂಬರ್, ಚಕ್ಕುಬಂದಿ ಸರಿ ಇದೆಯೇ? ಅಡ ಇಡದ ಆಸ್ತಿಯನ್ನು ಸೇರಿಸಿದ್ದಾರೆಯೇ? ಜಂಟಿ ಸಾಲಗಾರರಿಗೆ, ಜಾಮೀನುದಾರರಿಗೆ ನೋಟಿಸ್ ಹೋಗಿದೆಯೇ?

ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತರಿಸಿ. ಮೊತ್ತ ಹೇಗೆ ಬೆಳೆಯಿತು ಎಂದು ಸಾಲು ಸಾಲು ನೋಡಿ. ತಡವಾದ ಕಂತಿಗೆ ದಂಡ ಹಾಕಬಹುದು. ಆದರೆ 2024ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಆ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಣಿಸುವಂತಿಲ್ಲ. ನಮ್ಮ ಲೆಕ್ಕದಲ್ಲಿ ಎರಡು ಕಂತು ಜಮೆಯೇ ಆಗಿರಲಿಲ್ಲ. ಚಿಕ್ಕಮ್ಮ ರಸೀದಿಗಳನ್ನು ಸೀರೆ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರಿಂದ ಅದು ಗೊತ್ತಾಯಿತು.

ಈಗ ಆಕ್ಷೇಪಣೆ ಬರೆಯಬೇಕು. 13(3ಎ) ಸೆಕ್ಷನ್ ಪ್ರಕಾರ ನೀವು ಬರೆದದ್ದಕ್ಕೆ ಬ್ಯಾಂಕ್ 15 ದಿನದೊಳಗೆ ಉತ್ತರಿಸಲೇಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು. ಈ ಉತ್ತರ ಕೊಡುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಎಷ್ಟೋ ಜನ ಮ್ಯಾನೇಜರ್ ಹತ್ತಿರ ಹೋಗಿ ಕಣ್ಣೀರು ಹಾಕಿ ಬರುತ್ತಾರೆ, ಒಂದು ಸಾಲು ಬರೆದು ಕೊಡುವುದಿಲ್ಲ. ಮುಂದೆ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ನಿಂತಾಗ ಕಣ್ಣೀರಿಗೆ ದಾಖಲೆ ಇರುವುದಿಲ್ಲ. ಪತ್ರ ಹೀಗಿದ್ದರೆ ಸಾಕು:

"ಮಾನ್ಯ ಅಧಿಕೃತ ಅಧಿಕಾರಿಗಳಿಗೆ, ಸಾಲದ ಖಾತೆ ಸಂಖ್ಯೆ ಇಂಥದ್ದಕ್ಕೆ ಸಂಬಂಧಿಸಿದ, ಇಂಥ ದಿನಾಂಕದ ತಮ್ಮ ನೋಟಿಸ್ ನನಗೆ ಇಂಥ ದಿನ ತಲುಪಿದೆ. ಸರ್ಫೇಸಿ ಕಾಯ್ದೆಯ 13(3ಎ) ಸೆಕ್ಷನ್ ಅಡಿ ನನ್ನ ಆಕ್ಷೇಪಣೆ ಸಲ್ಲಿಸುತ್ತಿದ್ದೇನೆ. ಇಂಥ ತಿಂಗಳುಗಳಲ್ಲಿ ಕಟ್ಟಿದ ಹಣ ಲೆಕ್ಕಕ್ಕೆ ಬಂದಿಲ್ಲ, ರಸೀದಿ ಲಗತ್ತಿಸಿದ್ದೇನೆ. ದಂಡದ ಮೊತ್ತದ ವಿವರ ಕೊಡಿ. ಬಾಕಿ ಕಂತುಗಳನ್ನು ಇಂಥ ದಿನಾಂಕದೊಳಗೆ ಇಷ್ಟಿಷ್ಟರಂತೆ ತೀರಿಸಲು ನಾನು ಸಿದ್ಧನಿದ್ದೇನೆ. ಅವಕಾಶ ಕೊಡಬೇಕಾಗಿ ವಿನಂತಿ."

ನಿಮ್ಮಿಂದ ಆಗದ ದಿನಾಂಕ, ಆಗದ ಮೊತ್ತ ಬರೆಯಬೇಡಿ. ಪತ್ರವನ್ನು ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಇಮೇಲ್‌ನಲ್ಲೂ ಕಳಿಸಿ. ಬ್ಯಾಂಕ್ ನಿಮ್ಮ ಆಕ್ಷೇಪಣೆ ಒಪ್ಪದಿದ್ದರೆ ಅದೊಂದರ ಮೇಲೆಯೇ ಅಪೀಲು ಹೋಗಲು ಬರುವುದಿಲ್ಲ. ಆದರೆ ಮುಂದಿನ ಹಂತದಲ್ಲಿ ಇದೇ ಪತ್ರ ನಿಮ್ಮ ಮೊದಲ ದಾಖಲೆ.

ಇನ್ನೊಂದು ಎಚ್ಚರಿಕೆ. ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಆಸ್ತಿ ಮಾರುವಂತಿಲ್ಲ, ಭೋಗ್ಯಕ್ಕೆ ಕೊಡುವಂತಿಲ್ಲ. "ತಮ್ಮನ ಹೆಸರಿಗೆ ಬರೆದುಬಿಡಿ, ಏನೂ ಮಾಡೋಕಾಗಲ್ಲ" ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ನೀವೇ ಮಾರುವುದು, ಒಂದೇ ಬಾರಿಗೆ ತೀರಿಸುವುದು

ಮನೆ ಉಳಿಸಿಕೊಳ್ಳಲು ಆಗುವುದೇ ಇಲ್ಲ ಎಂದು ಲೆಕ್ಕ ಹೇಳಿದರೆ, ಹರಾಜಿನವರೆಗೆ ಬಿಡುವುದಕ್ಕಿಂತ ನೀವೇ ಮಾರುವುದು ಒಳ್ಳೆಯದು. ಇದು ನನ್ನ ಗಟ್ಟಿ ಅಭಿಪ್ರಾಯ. ಹರಾಜಿಗೆ ಬಂದ ಮನೆ ಎಂದರೆ ಕೊಳ್ಳುವವರು ಬೆಲೆ ಇಳಿಸಿಯೇ ಕೇಳುತ್ತಾರೆ. ನೀವೇ ಗಿರಾಕಿ ಹುಡುಕಿ, ಬ್ಯಾಂಕಿಗೆ ಕರೆದುಕೊಂಡು ಹೋಗಿ, ಲಿಖಿತ ಒಪ್ಪಿಗೆ ಕೇಳಿ. ಕೊಳ್ಳುವವರು ಸಾಲದ ಮೊತ್ತವನ್ನು ನೇರ ಬ್ಯಾಂಕಿಗೆ, ಉಳಿದದ್ದನ್ನು ನಿಮಗೆ ಕೊಡುವಂತೆ ಬರೆಸಿ. ನಮ್ಮ ಚಿಕ್ಕಪ್ಪ ಕೊನೆಗೆ ಮಾಡಿದ್ದೂ ಇದನ್ನೇ. ಮನೆ ಹೋಯಿತು. ಆದರೆ ಸಾಲ ತೀರಿ, ತಂಗಿಯ ಓದಿಗೆ ಬೇಕಾದಷ್ಟು ಕೈಯಲ್ಲಿ ಉಳಿಯಿತು.

ಇನ್ನೊಂದು ದಾರಿ ಓಟಿಎಸ್, ಅಂದರೆ ಸ್ವಲ್ಪ ಕಡಿಮೆ ಮಾಡಿಸಿಕೊಂಡು ಒಂದೇ ಬಾರಿಗೆ ಲೆಕ್ಕ ಮುಗಿಸುವುದು. ಇದು ಬ್ಯಾಂಕ್ ಒಪ್ಪಿದರೆ ಉಂಟು. ಹಕ್ಕೆಂದು ಕೇಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಮಾತುಕತೆಗೆ ಕುಳಿತಾಗ ಲೋಕ ಅದಾಲತ್ ನೆರವಾಗಬಹುದು. ಏನೇ ಒಪ್ಪಂದವಾದರೂ ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಹಣ ಕೊಡಬೇಡಿ. ಏಜೆಂಟರ ಕೈಗಂತೂ ನಗದು ಕೊಡಲೇಬೇಡಿ. ಪತ್ರದಲ್ಲಿ ಇರುವ ದಿನಾಂಕ ಒಂದು ದಿನ ತಪ್ಪಿದರೂ ಒಪ್ಪಂದ ಮುರಿದುಹೋಗಬಹುದು. ಕಡಿಮೆ ಮಾಡಿಸಿಕೊಂಡು ತೀರಿಸಿದ್ದು ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂದು ಕಾಣಿಸುತ್ತದೆ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ ಎನ್ನುವುದೂ ತಿಳಿದಿರಲಿ.

ಬಾಗಿಲಿಗೆ ನೋಟಿಸ್ ಅಂಟಿಸಿದ ದಿನ

60 ದಿನ ಮುಗಿದ ಮೇಲೆ ಬ್ಯಾಂಕಿನ ಅಧಿಕೃತ ಅಧಿಕಾರಿ ಬಂದು ಬಾಗಿಲಿಗೆ ಸ್ವಾಧೀನ ನೋಟಿಸ್ ಅಂಟಿಸುತ್ತಾರೆ. ಏಳು ದಿನದೊಳಗೆ ಅದು ಎರಡು ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದು. ಸಾಮಾನ್ಯವಾಗಿ ಇದು 'ಸಾಂಕೇತಿಕ ಸ್ವಾಧೀನ'. ನೀವು ಮನೆಯಲ್ಲೇ ಇರುತ್ತೀರಿ, ಬೀಗ ನಿಮ್ಮದೇ.

ಆ 'ಸಾಂಕೇತಿಕ' ಎನ್ನುವ ಪದ ಬಹಳ ಜನರನ್ನು ಮೋಸಗೊಳಿಸಿದೆ. ಏನೂ ಆಗಿಲ್ಲವಲ್ಲ ಎಂದು ಕೂರುತ್ತಾರೆ. ಆದರೆ ಡಿಆರ್‌ಟಿಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವ 45 ದಿನ ಇಲ್ಲಿಂದಲೇ ಶುರು. ಮನೆಯಿಂದ ಹೊರಗೆ ಹಾಕಿದ ಮೇಲೆ ನೋಡೋಣ ಎಂದು ಕಾಯಬಾರದು. ಸಾಂಕೇತಿಕ ಸ್ವಾಧೀನದ ಹಂತದಲ್ಲೇ ಡಿಆರ್‌ಟಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಮಾನಿಸಿದೆ. ಬಾಗಿಲಿನ ನೋಟಿಸಿನ ಫೋಟೋ ತೆಗೆಯಿರಿ. ಪತ್ರಿಕೆಯ ಆ ಪುಟ ತೆಗೆದಿಡಿ.

ಕರ್ನಾಟಕಕ್ಕೆ ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ. ಬೀದರ್‌ನವರೂ ಕಾರವಾರದವರೂ ಅಲ್ಲಿಗೇ ಬರಬೇಕು. ಬಡ ಸಾಲಗಾರರಿಗೆ ಇದು ದೊಡ್ಡ ಅನ್ಯಾಯ ಎಂದೇ ನನಗೆ ಅನಿಸುತ್ತದೆ. ಹತ್ತಿರದ ಊರಲ್ಲಿ ಮುಗಿಸೋಣ ಎಂದು ತಾಲೂಕಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆಗೆ ಹಾಕುವವರಿದ್ದಾರೆ. ಡಿಆರ್‌ಟಿ ನೋಡಬೇಕಾದ ವಿಷಯವನ್ನು ಸಿವಿಲ್ ಕೋರ್ಟ್ ಕೈಗೆತ್ತಿಕೊಳ್ಳದಂತೆ 34ನೇ ಸೆಕ್ಷನ್ ತಡೆಯುತ್ತದೆ. ಹಣವೂ ಹೋಗುತ್ತದೆ, 45 ದಿನವೂ ಹೋಗುತ್ತದೆ. ಹೈಕೋರ್ಟ್ ಕೂಡ ಸಾಮಾನ್ಯವಾಗಿ ಮೊದಲು ಡಿಆರ್‌ಟಿಗೆ ಹೋಗಿ ಎನ್ನುತ್ತದೆ.

ಡಿಆರ್‌ಟಿ ಮುಂದೆ "ಕಷ್ಟದಲ್ಲಿದ್ದೇನೆ" ಎನ್ನುವುದಕ್ಕಿಂತ "ಬ್ಯಾಂಕ್ ಈ ನಿಯಮ ಪಾಲಿಸಿಲ್ಲ" ಎನ್ನುವುದಕ್ಕೆ ತೂಕ ಜಾಸ್ತಿ. ಆಕ್ಷೇಪಣೆಗೆ ಉತ್ತರ ಕೊಡಲಿಲ್ಲ, 60 ದಿನ ಮುಗಿಯುವ ಮೊದಲೇ ಬಂದರು, ಪತ್ರಿಕೆಯಲ್ಲಿ ಹಾಕಲಿಲ್ಲ, ಲೆಕ್ಕ ತಪ್ಪು, ಜಮೀನು ಕೃಷಿಯದು. ಇಂಥವು. ಮೊದಲೆಲ್ಲ ಬಾಕಿಯ ಶೇ 75 ಕಟ್ಟಿದರೆ ಮಾತ್ರ ಡಿಆರ್‌ಟಿಗೆ ಹೋಗಬಹುದಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಆದರೆ ಡಿಆರ್‌ಟಿಯಲ್ಲಿ ಸೋತು ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಾದರೆ 30 ದಿನದೊಳಗೆ ಹೋಗಬೇಕು, ಬಾಕಿಯ ಅರ್ಧ ಕಟ್ಟಬೇಕು. ಹೆಚ್ಚೆಂದರೆ ಅದನ್ನು ಕಾಲು ಭಾಗಕ್ಕೆ ಇಳಿಸಬಹುದು. ಹಾಗಾಗಿ ಡಿಆರ್‌ಟಿಯಲ್ಲೇ ಗಟ್ಟಿಯಾಗಿ ನಿಲ್ಲಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಗೃಹಸಾಲಗಳಲ್ಲಿ ಹೆಂಡತಿ ಜಂಟಿ ಸಾಲಗಾರ್ತಿ ಆಗಿರುವುದು ಸಾಮಾನ್ಯ ಅಲ್ವಾ? ಹಾಗಿದ್ದರೆ ಅವರ ಹೆಸರಿನಲ್ಲಿ ಅರ್ಜಿ ಹಾಕಬಹುದು.

ಪೊಲೀಸರ ಜೊತೆ ಬಂದರೆ

ನೀವಾಗಿ ಕೀಲಿ ಕೊಡದಿದ್ದರೆ ಬ್ಯಾಂಕ್ 14ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ ಬಳಿ ಅರ್ಜಿ ಹಾಕುತ್ತದೆ. ಕಾಯ್ದೆ 30 ದಿನದಲ್ಲಿ, ಕಾರಣವಿದ್ದರೆ ಒಟ್ಟು 60 ದಿನದಲ್ಲಿ ಆದೇಶ ಮಾಡಿ ಎನ್ನುತ್ತದೆ. ಅಲ್ಲಿ ಬ್ಯಾಂಕಿನ ಕಾಗದ ಸರಿ ಇದೆಯೇ ಎಂದಷ್ಟೇ ನೋಡುತ್ತಾರೆ, ನಿಮ್ಮ ವಾದ ಕೇಳಲು ಕೂರುವುದಿಲ್ಲ. ಆದೇಶದ ಮೇಲೆ ಕಂದಾಯ ಅಧಿಕಾರಿ ಅಥವಾ ವಕೀಲ ಕಮಿಷನರ್ ಪೊಲೀಸರೊಂದಿಗೆ ಬರಬಹುದು.

ಬಂದವರ ಬಳಿ ಆದೇಶದ ಪ್ರತಿ ಕೇಳಿ, ಓದಿ. ಆದೇಶ ಇಲ್ಲದೆ ಬರೀ ಏಜೆಂಟರು ಬಂದು ಸಾಮಾನು ಹೊರಗೆ ಹಾಕಲು ನೋಡಿದರೆ 112ಕ್ಕೆ ಫೋನ್ ಮಾಡಿ. ಆದೇಶ ಇದ್ದರೆ ಕೈ ಕೈ ಮಿಲಾಯಿಸಬೇಡಿ, ಕೇಸು ನಿಮ್ಮ ಮೇಲೆ ಬೀಳುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರು, ಬಾಣಂತಿ, ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಕೆಲವು ದಿನದ ಸಮಯ ಕೇಳಿ, ಬರವಣಿಗೆಯಲ್ಲಿ ಕೇಳಿ. ಔಷಧಿ, ಮಕ್ಕಳ ಮಾರ್ಕ್ಸ್ ಕಾರ್ಡು, ಆಧಾರ್, ಪಡಿತರ ಚೀಟಿ, ಒಡವೆ ಇವುಗಳನ್ನು ಮುಂಚೆಯೇ ನಂಬಿಕಸ್ಥರ ಮನೆಗೆ ಸಾಗಿಸಿ. ಒಳಗೆ ಉಳಿದ ಸಾಮಾನಿನ ಪಟ್ಟಿ ಮಾಡಿಸಿ, ಪಂಚನಾಮೆಯ ಪ್ರತಿ ಪಡೆಯಿರಿ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ.

ಬೆಂಗಳೂರಿನಲ್ಲಿ ಲಕ್ಷಾಂತರ ರೂಪಾಯಿ ಕೊಟ್ಟು ಮನೆ ಭೋಗ್ಯಕ್ಕೆ ಹಾಕಿಕೊಂಡವರ ಪಾಡು ಇನ್ನೂ ಸಂಕಟದ್ದು. ಸಾಲ ಮಾಡಿದ್ದು ಮಾಲೀಕ, ಬೀದಿಗೆ ಬರುವುದು ಇವರು. ಅಡಮಾನಕ್ಕೆ ಮೊದಲೇ ಆದ ನೋಂದಾಯಿತ ಕರಾರು ಇದ್ದರೆ ರಕ್ಷಣೆ ಕೇಳಬಹುದು, ಬಾಡಿಗೆದಾರರೂ ಡಿಆರ್‌ಟಿಗೆ ಹೋಗಬಹುದು. ಅಡಮಾನದ ನಂತರ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಕರಾರು ನಿಲ್ಲುವುದು ಬಹಳ ಕಷ್ಟ. ಭೋಗ್ಯಕ್ಕೆ ದುಡ್ಡು ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ ತೆಗೆಸಿ ನೋಡಿ.

ಹರಾಜು

ಸಾಲವನ್ನೆಲ್ಲ ಖರ್ಚು ಸಮೇತ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಮೊದಲು ಮಾರಾಟದವರೆಗೂ ಇತ್ತು. 2016ರ ತಿದ್ದುಪಡಿಯ ನಂತರ ಅದು ಹರಾಜು ಪ್ರಕಟಣೆ ಹೊರಬೀಳುವ ಮುಂಚಿನವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಮಾಡಿತು. ಹರಾಜಿನ ಹಿಂದಿನ ದಿನ ದುಡ್ಡು ತಂದರೆ ಆಯಿತು ಎಂದು ನಂಬಿ ಮನೆ ಕಳೆದುಕೊಂಡವರಿದ್ದಾರೆ. ಸ್ವಾಧೀನ ನೋಟಿಸ್ ಬಂದ ದಿನದಿಂದಲೇ ಹಣದ ಏರ್ಪಾಡು ನಡೆಯಬೇಕು.

ಮೊದಲ ಹರಾಜಿಗೆ 30 ದಿನದ ನೋಟಿಸ್ ನಿಮಗೆ ಬರಬೇಕು. ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಕನಿಷ್ಠ ಬೆಲೆ ನಿಗದಿ ಮಾಡಬೇಕು. ಆ ಬೆಲೆ ತೀರಾ ಕಡಿಮೆ ಅನಿಸಿದರೆ ಸುಮ್ಮನಿರಬೇಡಿ. ಅದೇ ಬೀದಿಯಲ್ಲಿ ಇತ್ತೀಚೆಗೆ ಆದ ಕ್ರಯಪತ್ರಗಳ ಪ್ರತಿ, ಸಾಧ್ಯವಾದರೆ ನಿಮ್ಮದೇ ಮೌಲ್ಯಮಾಪನ ವರದಿ ಇಟ್ಟು ಆಕ್ಷೇಪಿಸಿ. ಕನಿಷ್ಠ ಬೆಲೆಗಿಂತ ಕೆಳಗೆ ಮಾರಲು ನಿಮ್ಮ ಒಪ್ಪಿಗೆ ಬೇಕು, ಆ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಸರ್ಕಾರಿ ಬ್ಯಾಂಕುಗಳ ಹರಾಜು ವಿವರ 'ಬ್ಯಾಂಕ್‌ನೆಟ್' ಪೋರ್ಟಲ್‌ನಲ್ಲಿ ಸಿಗುತ್ತದೆ, ನಿಮ್ಮ ಆಸ್ತಿ ಅಲ್ಲಿ ಹೇಗೆ ಕಾಣುತ್ತಿದೆ ಎಂದು ನೋಡುತ್ತಿರಿ.

ಮಾರಿ ಬಂದ ಹಣದಲ್ಲಿ ಸಾಲ, ಖರ್ಚು ಕಳೆದು ಮಿಕ್ಕದ್ದು ನಿಮ್ಮದು. ತಾನಾಗಿ ಬರುತ್ತದೆ ಎಂದು ಕಾಯದೆ ಲೆಕ್ಕದ ಸಮೇತ ಬರೆದು ಕೇಳಿ. ಕಡಿಮೆ ಬಿದ್ದರೆ ಉಳಿದದ್ದಕ್ಕೆ ಬ್ಯಾಂಕ್ ನಿಮ್ಮ ಮೇಲೂ ಜಾಮೀನುದಾರರ ಮೇಲೂ ಮುಂದುವರಿಯಬಹುದು.

ಸಾಲ ತೀರಿದ ಮೇಲೆ

ಹೇಗೋ ಪೂರ್ತಿ ಕಟ್ಟಿದಿರಿ ಎಂದುಕೊಳ್ಳಿ. ಬಾಕಿ ಇಲ್ಲ ಎಂಬ ಪತ್ರ ಅದೇ ದಿನ ಕೇಳಿ. ಮೂಲ ದಾಖಲೆಗಳನ್ನು 30 ದಿನದೊಳಗೆ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಒಂದೊಂದು ಕಾಗದವನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ, ಆಮೇಲೆ ಸಹಿ ಹಾಕಿ. ಡಿಆರ್‌ಟಿಯಲ್ಲಿ ಕೇಸಿದ್ದರೆ ಅದು ಮುಗಿದ ಆದೇಶದ ಪ್ರತಿ ಪಡೆಯಿರಿ. ಅಡಮಾನ ನೋಂದಣಿ ಆಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ಅದನ್ನು ಬಿಡುಗಡೆ ಮಾಡಿಸಿ. ತಿಂಗಳ ನಂತರ ಹೊಸ ಇಸಿ ತೆಗೆಸಿ, ಬಿಡುಗಡೆ ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ಆ ಇಸಿ ಹಿಡಿದುಕೊಂಡೇ ಶಾಖೆಗೆ ಹೋಗಿ.